ಅಂಗಡಿ ಜಗಲಿಯ ಅಳತೆ

ಹಳ್ಳಿಯ ಅಂಗಡಿಯೊಂದನ್ನು ದುರಸ್ತಿ ಮಾಡುವುದೆಂದರೆ ಗೋಡೆ, ಮಾಡು, ಬಾಗಿಲುಗಳ ಲೆಕ್ಕಾಚಾರ ಎಂದು ಪೇಟೆಯಲ್ಲಿರುವ ನಮ್ಮ ನೆಂಟರು ತಿಳಿದಿದ್ದಾರೆ. ಅದರೊಳಗೆ ಇನ್ನೊಂದು ಲೆಕ್ಕಾಚಾರ ಇದೆ ಎಂಬುದು ಅಂಗಡಿ ನಡೆಸುವವರಿಗಷ್ಟೇ ಗೊತ್ತು. ಮರಳು ಯಾರಿಂದ ತರಿಸುವುದು, ಪರವಾನಗಿಗೆ ಯಾರನ್ನು ಹಿಡಿಯುವುದು, ಕರೆಂಟಿನ ಮೀಟರ್ ಬದಲಿಸಲು ಯಾರಿಂದ ಫೋನ್ ಮಾಡಿಸುವುದು? ಒಂದೊಂದು ಕೆಲಸಕ್ಕೂ ಊರಿನಲ್ಲಿ ಒಂದೊಂದು ಪಕ್ಷವಿದೆ. ಸಿಮೆಂಟ್ ಮಾತ್ರ ಪಕ್ಷಾತೀತ, ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತದೆ. 2020ರ ಡಿಸೆಂಬರ್ 11ರ ಶುಕ್ರವಾರ ಈ ಎರಡೂ ಲೆಕ್ಕಾಚಾರಗಳು ಒಟ್ಟಿಗೆ ನಮ್ಮ ಅಂಗಡಿಗೆ ಬಂದವು. ಬಂಟ್ವಾಳ ತಾಲೂಕಿನ ಗ್ರಾಮ ಪಂಚಾಯತ್ ಚುನಾವಣೆಗೆ ನಾಮಪತ್ರ ಸಲ್ಲಿಸಲು ಅಂದು ಕೊನೆಯ ದಿನ. ಅಳತೆ ತೆಗೆಯಲು ಬರುತ್ತೇನೆಂದು ಮೇಸ್ತ್ರಿ ಹೇಳಿದ್ದೂ ಅಂದೇ.

ಅಂಗಡಿಯನ್ನು ಕಟ್ಟಿಸಿದವರು ನಮ್ಮ ತಂದೆ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಬಾಗಿಲಿನ ಬದಲು ಹನ್ನೊಂದು ಉದ್ದನೆಯ ಹಲಗೆಗಳು. ಬೆಳಗ್ಗೆ ಒಂದೊಂದಾಗಿ ಹೊರಗೆಳೆದು ಗೋಡೆಗೆ ಒರಗಿಸಬೇಕು, ರಾತ್ರಿ ಮತ್ತೆ ಗಾಡಿಯೊಳಗೆ ಜಾರಿಸಬೇಕು. ತಂದೆ ಪ್ರತಿ ಹಲಗೆಯ ಮೇಲೂ ಡಾಂಬರಿನಲ್ಲಿ ಅಂಕಿ ಬರೆದಿದ್ದರು. ಕ್ರಮ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲ, ಕೂರದಿದ್ದರೆ ಬೀಗ ಬೀಳುವುದಿಲ್ಲ. ಶಾಲೆಗೆ ಹೋಗುವ ಮೊದಲೇ ನಾವೆಲ್ಲ ಎಣಿಕೆ ಕಲಿತದ್ದು ಆ ಹಲಗೆಗಳ ಮೇಲೆ. ಹಂಚುಗಳ ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನೇತ್ರಾವತಿಯ ದಡದಲ್ಲಿ ಎಷ್ಟೋ ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ಬಹುತೇಕ ಈಗ ಮುಚ್ಚಿವೆ. ಹಂಚು ಒಡೆದರೆ ಹಳೆಯ ಮನೆ ಕೆಡವುವ ಕಡೆ ಹೋಗಿ ಹುಡುಕಿ ತರಬೇಕು.

ಅಂಗಡಿಯ ಮುಂದೆ ಜಗಲಿ. ಐದು ಅಡಿ ಅಗಲ, ಅಂಗಡಿಯಷ್ಟೇ ಉದ್ದ, ಮೇಲೆ ಕಾವಿ ನೆಲ. ಅಲ್ಲಿ ಮಾರಾಟ ಮಾಡುವಂಥದ್ದು ಏನೂ ಇಲ್ಲ, ಜನ ಕೂರುತ್ತಾರೆ, ಅಷ್ಟೇ.

ನಾವು ಮೂವರು ಅಣ್ಣತಮ್ಮಂದಿರು. ಹಿರಿಯವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ನರೆದವನು. ಕಿರಿಯವನು ಪೇಟೆಯಿಂದ ಸಾಮಾನು ತರುತ್ತಾನೆ. ನಡುವಿನವನು ದುಬೈಯಲ್ಲಿ ಹದಿನಾಲ್ಕು ವರ್ಷ ಗೋದಾಮು ನೋಡಿಕೊಂಡಿದ್ದ. ಕೊರೋನಾ ಬಂದು ಕೆಲಸ ಹೋಯಿತು. ವಂದೇ ಭಾರತ್ ವಿಮಾನವೊಂದರಲ್ಲಿ ಊರಿಗೆ ಬಂದು, ಕ್ವಾರಂಟೈನ್ ಮುಗಿಸಿ ಮನೆಯೊಳಗೆ ಕಾಲಿಡುವಾಗ ಅವನ ಕೈಯಲ್ಲಿದ್ದುದು ಕಂಪೆನಿ ಕೊಟ್ಟ ಕೊನೆಯ ಲೆಕ್ಕದ ಹಣ. ಆ ಹಣದಲ್ಲೇ ಅಂಗಡಿ ಸರಿಮಾಡುವುದೆಂದು ನಿರ್ಧರಿಸಿದೆವು. ಮೂರು ಸಂಸಾರ ಒಂದೇ ಅಂಗಡಿಯಲ್ಲಿ ಬದುಕಬೇಕಾದರೆ ಅಂಗಡಿ ಈಗಿರುವಂತೆ ಇದ್ದರೆ ಸಾಲದು. ಹಾಲು, ಮೊಸರಿಗೆ ಫ್ರಿಜ್ ಬೇಕು, ತರಕಾರಿಗೆ ಜಾಗ ಬೇಕು, ಹಲಗೆಯ ಸಂದಿಯಲ್ಲಿ ನುಗ್ಗುವ ಹೆಗ್ಗಣಕ್ಕೆ ತಡೆಯಾಗಿ ಕಬ್ಬಿಣದ ಶಟರ್ ಬೇಕು. ಮಾಡಿಗೆ ಕಾಂಕ್ರೀಟ್ ಹಾಕಬೇಕೆಂದು ನಡುವಿನವನ ಆಸೆ. ಏಪ್ರಿಲ್ ಸೆಖೆಯಲ್ಲಿ ಕಾಂಕ್ರೀಟಿನಡಿ ಬೆಲ್ಲ ಪಾಕವಾಗುತ್ತದೆ, ಕೆಂಪುಕಲ್ಲಿನ ಹಳೆಯ ಗೋಡೆ ಆ ಭಾರ ಹೊರುವುದೂ ಇಲ್ಲ, ಹುಳು ತಿಂದ ಪಕ್ಕಾಸು ತೆಗೆದು ಕಬ್ಬಿಣದ ಕೈಮರ ಹಾಕಿ ಅದೇ ಹಂಚು ಹೊದೆಸಿ ಎಂದು ಮೇಸ್ತ್ರಿ ಹೇಳಿದ. ಒಳಗೆ ಜಾಗ ಬೇಕಾದರೆ ಅಂಗಡಿಯನ್ನು ಮುಂದಕ್ಕೆ ತರಬೇಕು, ಅಂದರೆ ಜಗಲಿಯನ್ನು ಒಳಗೆ ಸೇರಿಸಬೇಕು. ಹಿಂದೆ ಬಾವಿ ಇದೆ, ಎಡಕ್ಕೆ ಬೇರೆಯವರ ಜಾಗ, ಬಲಕ್ಕೆ ತೋಡು. ಮುಂದೆ ಮಾತ್ರ ದಾರಿ.

ಆ ಜಗಲಿಯ ಬಗ್ಗೆ ಇನ್ನೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅದು ನಮ್ಮ ವಾರ್ಡಿನ ವಿಧಾನಸಭೆ. ಬೆಳಗ್ಗೆ ಹಾಲಿನ ಡಿಪೋಗೆ ಹೋಗಿ ಬಂದವರು, ಪತ್ರಿಕೆ ಓದುವವರು, ಸಂಜೆ ಬೀಡಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ಹಿಡಿದು ಮರಳುವ ಹೆಂಗಸರು, ಬಸ್ಸಿಗೆ ಕಾಯುವವರು, ಯಾರಿಗೂ ಕಾಯದವರು. ಅಬ್ದುಲ್ ನಝೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ಬಂದ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯತ್ ಚುನಾವಣೆ ನಡೆಯಿತಲ್ಲ, ಅದರಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಎಂದಾಗ ಈ ಜಗಲಿಯಲ್ಲಿ ಕೂತವರು ನಕ್ಕಿದ್ದರಂತೆ. ತಂದೆ ಹೇಳುತ್ತಿದ್ದರು. 2010ರ ಚುನಾವಣೆಯ ಹೊತ್ತಿಗೆ ಅದು ಅರ್ಧಕ್ಕೇರಿತು. ನಗುವವರು ಕಡಿಮೆಯಾದರು, ಹೆಂಡತಿಯ ಹೆಸರಿನಲ್ಲಿ ನಿಲ್ಲುವ ಗಂಡಂದಿರು ಹೆಚ್ಚಾದರು.

ಗ್ರಾಮ ಪಂಚಾಯತ್ ಚುನಾವಣೆ ಪಕ್ಷರಹಿತ ಎಂಬುದು ಕರ್ನಾಟಕದ ಕಾನೂನು. ಪಕ್ಷದ ಚಿಹ್ನೆ ಇಲ್ಲ, ಆಯೋಗ ಕೊಡುವ ಆಟೋರಿಕ್ಷಾ, ತೆಂಗಿನಕಾಯಿಯಂಥ ಚಿಹ್ನೆಗಳು. ಆದರೆ ಯಾವ ಆಟೋರಿಕ್ಷಾ ಯಾವ ಪಕ್ಷದ ಮನೆಯ ಮುಂದೆ ನಿಲ್ಲುತ್ತದೆ ಎಂಬುದು ನಮ್ಮೂರಿನ ಎರಡನೇ ತರಗತಿಯ ಮಕ್ಕಳಿಗೂ ತಿಳಿದಿದೆ. ಆ ವರ್ಷ ನಮ್ಮ ವಾರ್ಡಿನಲ್ಲಿ ಮೂರು ಸ್ಥಾನಗಳು. ಅದರಲ್ಲೊಂದು ಹಿಂದುಳಿದ ವರ್ಗ 'ಎ' ಮಹಿಳೆಗೆ ಮೀಸಲು. ಹಿಂದಿನ ಸದಸ್ಯರ ಅವಧಿ ಮುಗಿದು, ಕೊರೋನಾದಿಂದ ಚುನಾವಣೆ ಮುಂದೆ ಹೋಗಿ, ಪಂಚಾಯತಿಯನ್ನು ಆಡಳಿತಾಧಿಕಾರಿ ನೋಡಿಕೊಳ್ಳುತ್ತಿದ್ದರು. ನಮ್ಮ ಕಟ್ಟಡದ ಅರ್ಜಿ ಅಲ್ಲಿನ ಒಂದು ಮೇಜಿನ ಮೇಲೆ ಎರಡು ತಿಂಗಳಿನಿಂದ ಮಲಗಿತ್ತು. ಕೇಳಿದಾಗ ಮೊದಲು ಕೊರೋನಾ ಎಂದರು, ಆಮೇಲೆ ನೀತಿ ಸಂಹಿತೆ ಎಂದರು. ಹಳೆಯ ಅಂಗಡಿಯ ಮಾಡು ಬದಲಿಸುವುದಕ್ಕೂ ನೀತಿ ಸಂಹಿತೆಗೂ ಏನು ಸಂಬಂಧವೆಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಬೆಳಗ್ಗೆ ಏಳಕ್ಕೆ ಮೇಸ್ತ್ರಿ ಬಂದ. ಅವನು ಟೇಪು ಬಿಚ್ಚುವ ಮೊದಲೇ ಜಗಲಿ ತುಂಬಿತ್ತು. ಎರಡು ದಿನದ ಹಿಂದಷ್ಟೇ, ಡಿಸೆಂಬರ್ 9ರಂದು, ಗೋಹತ್ಯೆ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಗಿತ್ತು. ದಿಲ್ಲಿಯ ಗಡಿಯಲ್ಲಿ ರೈತರು ಕೂತು ಎರಡು ವಾರವಾಗಿತ್ತು. ಸಾರಿಗೆ ನೌಕರರ ಮುಷ್ಕರವೂ ಅಂದೇ ಆರಂಭ. ನಮ್ಮ ಕಡೆ ಖಾಸಗಿ ಬಸ್ಸುಗಳದ್ದೇ ರಾಜ್ಯವಾದ್ದರಿಂದ ಅದು ಯಾರಿಗೂ ತಟ್ಟಲಿಲ್ಲ. ಮಸೂದೆಯ ಮಾತು ಮಾತ್ರ ನಾವು ಹಲಗೆ ತೆಗೆದು ಒರಗಿಸುತ್ತಿದ್ದಂತೆ ತಗ್ಗಿತು. ನಮ್ಮೆದುರು ಆ ಮಾತು ಎತ್ತಬಾರದೆಂಬ ದಾಕ್ಷಿಣ್ಯ. ಕೊನೆಗೆ ಮೌನ ಮುರಿದವರು ನಾಲ್ಕು ಹಸು ಸಾಕಿರುವ ಒಬ್ಬ ಹಿರಿಯರು. "ಗಂಡುಕರು ಹುಟ್ಟಿದರೆ ಅದನ್ನು ಯಾರ ಮನೆಗೆ ಕಟ್ಟಲಿ, ಅದನ್ನು ಹೇಳಿ" ಎಂದರು. ಯಾರೂ ಹೇಳಲಿಲ್ಲ. ಮೇಸ್ತ್ರಿ "ಸ್ವಲ್ಪ ಏಳಿ" ಎಂದು ಅವರ ಬೆನ್ನ ಹಿಂದೆ ಟೇಪು ಹಿಡಿದ.

ಒಂಬತ್ತು ಗಂಟೆಗೆ ಆಗ ರಾಜ್ಯದಲ್ಲಿ ಆಡಳಿತದಲ್ಲಿದ್ದ ಪಕ್ಷದ ಊರಿನ ಮುಖಂಡರು ಬಂದರು. ನಮ್ಮ ತಂದೆಯ ಕಾಲದಿಂದ ನಮ್ಮಲ್ಲೇ ಸಾಮಾನು ಕೊಳ್ಳುವವರು. ಸಕ್ಕರೆ ಕಟ್ಟಿಸಿಕೊಳ್ಳುತ್ತಾ ಮೇಸ್ತ್ರಿಯ ಕೆಲಸ ವಿಚಾರಿಸಿದರು. ಮರಳಿನ ಚಿಂತೆ ಬೇಡ, ಎರಡು ಲೋಡ್ ಅಲ್ಲ, ನಾಲ್ಕು ಬೇಕಿದ್ದರೂ ಹೇಳಿ, ಪಂಚಾಯತಿಯ ಕಾಗದವೂ ಆಗುತ್ತದೆ ಎಂದರು. ನಾವು ಋಣ ಹೇಳುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು: "ನಿಮ್ಮಿಂದ ಏನೂ ಕೇಳುವುದಿಲ್ಲ. ನೀವು ವ್ಯಾಪಾರಸ್ಥರು. ಯಾರನ್ನೂ ನಿಲ್ಲಿಸಬೇಡಿ, ಯಾರ ಜೊತೆಗೂ ಹೋಗಬೇಡಿ. ಅಷ್ಟೇ."

ಅವರು ಹೋಗಿ ಅರ್ಧ ಗಂಟೆಯೊಳಗೆ ವಿರೋಧ ಪಕ್ಷದವರು ಇಬ್ಬರು ಬಂದರು. ಒಬ್ಬರು ನಮ್ಮ ಜಮಾಅತಿನವರೇ. ಅವರ ಮಾತು ನೇರವಾಗಿತ್ತು. ಮೀಸಲು ಸ್ಥಾನಕ್ಕೆ ಅವರಿಗೆ ಯಾರೂ ಸಿಕ್ಕಿಲ್ಲ. ಹಿರಿಯವನ ಹೆಂಡತಿ, ನಮ್ಮ ಅತ್ತಿಗೆ, ನಿಲ್ಲಬೇಕು. ಎಸ್ಸೆಸ್ಸೆಲ್ಸಿ ಓದಿದವರು, ಎಲ್ಲರಿಗೂ ಪರಿಚಿತರು. ಠೇವಣಿ ಅವರೇ ಕಟ್ಟುತ್ತಾರೆ, ಕಾಗದ ಪತ್ರ ಅವರೇ ನೋಡಿಕೊಳ್ಳುತ್ತಾರೆ, ಮೂರು ಗಂಟೆಯೊಳಗೆ ಬಂದು ಸಹಿ ಹಾಕಿದರೆ ಸಾಕು. "ಹೆಸರು ಅವರದ್ದಿರಲಿ, ಕೆಲಸ ನೀವು ನೋಡಿಕೊಂಡರಾಯಿತು" ಎಂದರು ಹಿರಿಯವನಿಗೆ. ಅತ್ತಿಗೆ ಎಲ್ಲಿ, ಅವರನ್ನು ಕೇಳಬೇಕೇ ಎಂಬ ಪ್ರಶ್ನೆ ಅವರಿಂದ ಬರಲಿಲ್ಲ. ಸಮುದಾಯದ ಮಾತು ಬಂತು, ಪಂಚಾಯತಿಯಲ್ಲಿ ನಮ್ಮವರ ಧ್ವನಿ ಬೇಕೆಂಬ ಮಾತು ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಐದು ವರ್ಷಕ್ಕೊಮ್ಮೆ ಕೊನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ನೆನಪಾಗುವ ಧ್ವನಿ ಅದು!

ನಮಗೆ ಇಬ್ಬರೂ ಗಿರಾಕಿಗಳು. ಒಂದು ಹಳ್ಳಿಯ ಅಂಗಡಿ ನಡೆಯುವುದು ಒಂದು ಜಾತಿಯ, ಒಂದು ಧರ್ಮದ, ಒಂದು ಪಕ್ಷದ ಮನೆಗಳಿಂದಲ್ಲ. ನಮ್ಮ ಉದ್ರಿ ಪುಸ್ತಕದಲ್ಲಿ ಆಗ ನೂರ ಹನ್ನೆರಡು ಮನೆಗಳಿದ್ದವು, ಅದರಲ್ಲಿ ಮುಸ್ಲಿಮರದ್ದು ಮೂವತ್ತೊಂದು. ಉಳಿದವರು ಕಾಲ್ನಡಿಗೆಯ ಹತ್ತು ನಿಮಿಷವನ್ನು ಸ್ಕೂಟರಿನ ಮೂರು ನಿಮಿಷವಾಗಿಸಿಕೊಂಡು ಮುಂದಿನ ಜಂಕ್ಷನ್ನಿಗೆ ಹೋದರೆ ನಾವು ಶಟರ್ ಹಾಕಿಸುವ ಅಗತ್ಯವೇ ಇರಲಿಲ್ಲ. ಹಾಗಾಗಿ ತಂದೆಯ ಕಾಲದಿಂದಲೂ ಅಂಗಡಿಯ ಗೋಡೆಗೆ ಭಿತ್ತಿಪತ್ರ ಅಂಟಿಸಲು ಯಾರಿಗೂ ಅನುಮತಿ ಇಲ್ಲ. ಓಟು ನಮ್ಮದು, ಗೋಡೆ ಊರಿನದು ಎಂಬುದು ಅವರ ಲೆಕ್ಕ.

ಈ ಲೆಕ್ಕ ಎಷ್ಟು ಗಟ್ಟಿ ಎಂಬ ಅನುಮಾನ ಆ ವರ್ಷದ ಏಪ್ರಿಲ್‌ನಲ್ಲಿ ಹುಟ್ಟಿತ್ತು. ದಿಲ್ಲಿಯ ನಿಜಾಮುದ್ದೀನ್ ಸುದ್ದಿ ಟಿ.ವಿ.ಯಲ್ಲಿ ಹಗಲಿರುಳು ಬಂದ ಮೇಲೆ ಮುಸ್ಲಿಮರ ಅಂಗಡಿಯಿಂದ ಏನೂ ಕೊಳ್ಳಬೇಡಿ ಎಂಬ ಧ್ವನಿಸಂದೇಶವೊಂದು ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಅದನ್ನು ನಮಗೆ ಕೇಳಿಸಿದವರೂ ಜಗಲಿಯ ಗೆಳೆಯರೇ, ತಾವು ನಂಬುವುದಿಲ್ಲ ಎಂದೂ ಹೇಳಿದರು. ಒಂಬತ್ತು ಮನೆಗಳವರು ಬರುವುದು ನಿಲ್ಲಿಸಿದರು. ಗೋಡೆ ಯಾರಿಗೂ ಕೊಡದೆ ಉಳಿಸಿಕೊಂಡದ್ದಕ್ಕೆ ಆ ಒಂಬತ್ತು ಮನೆಗಳಲ್ಲಿ ಬೆಲೆ ಸಿಗಲಿಲ್ಲ. ಮಳೆಗಾಲದ ಹೊತ್ತಿಗೆ ಆರು ಮನೆಗಳವರು ಮರಳಿ ಬಂದರು, ಏನೂ ಆಗದವರಂತೆ. ನಾವೂ ಏನೂ ಆಗದವರಂತೆ ಅಕ್ಕಿ ಅಳೆದೆವು. ಉಳಿದ ಮೂರು ಮನೆಗಳ ಹಳೆಯ ಬಾಕಿ ಇಂದಿಗೂ ಪುಸ್ತಕದಲ್ಲಿದೆ.

ಆ ತಿಂಗಳುಗಳಲ್ಲೇ ಬೀಡಿಯ ಬ್ರಾಂಚ್‌ಗಳು ಮುಚ್ಚಿದವು. ಬೀಡಿ ಕಟ್ಟಿ ವಾರಕ್ಕೊಮ್ಮೆ ಕೂಲಿ ತರುವ ಹೆಂಗಸರ ಕೈ ಬರಿದಾಯಿತು. ಹಿರಿಯವನಿಗೆ ಜ್ವರ ಬಂದು ಮಲಗಿದ್ದ ಮೂರು ವಾರ ಉದ್ರಿ ಪುಸ್ತಕ ನೋಡಿಕೊಂಡವರು ಅತ್ತಿಗೆ. ಯಾರಿಗೆ ಅಕ್ಕಿ ಕೊಡುವುದು, ಯಾರಿಗೆ ಇಷ್ಟು ಸಾಕು ಎನ್ನುವುದು ಎಂದು ನಿರ್ಧರಿಸಿದವರೂ ಅವರೇ. ಯಾರ ಮನೆಯಲ್ಲಿ ಎಷ್ಟು ಜನ, ಯಾರ ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಸೇರಿಲ್ಲ, ಯಾರ ವಿಧವಾ ವೇತನ ನಿಂತಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾದದ್ದು ಆಗ. ಪಂಚಾಯತ್ ಸದಸ್ಯರಿಗೆ ತಿಳಿದಿರಬೇಕಾದ್ದು ಇದೇ ಅಲ್ಲವೇ?

ಹತ್ತೂವರೆಗೆ ಹಿರಿಯವನು ಮನೆಗೆ ಹೋಗಿ ಅತ್ತಿಗೆಗೆ ವಿಷಯ ಹೇಳಿದ. ಅವರು ಮೀನು ಕೊಯ್ಯುತ್ತಿದ್ದರು. ಎಲ್ಲ ಕೇಳಿದ ಮೇಲೆ, "ನಿಲ್ಲುವುದಾದರೆ ಒಂದು ತಿಂಗಳ ಹಿಂದೆ ನನ್ನನ್ನು ಕೇಳುತ್ತಿದ್ದರು. ಇದು ಅವರಿಗೆ ಸ್ಥಾನ ತುಂಬಿಸುವ ಕೆಲಸ" ಎಂದರು. ಹಾಗಾದರೆ ಇಲ್ಲ ಎನ್ನಲೇ ಎಂದು ಹಿರಿಯವನು ಕೇಳಿದ. "ನನ್ನ ಪರವಾಗಿ ಇಲ್ಲ ಎನ್ನಿ. ಸುಮ್ಮನಿರುತ್ತೇವೆ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ."

ಎರಡನೆಯ ವಾಕ್ಯದ ಅರ್ಥ ನಮಗೆ ಆಗಲೇ ತಿಳಿಯಲಿಲ್ಲ. ಜುಮಾಕ್ಕೆ ಹೊತ್ತಾಗಿತ್ತು. ಮೇಸ್ತ್ರಿ ಅಡಿಪಾಯದ ಮೂಲೆಗೆ ಗೂಟ ಹೊಡೆದು ಊಟಕ್ಕೆ ಹೋದ. ನಾವು ಮೂವರೂ ಮಸೀದಿಗೆ ನಡೆದೆವು. ಆಗಿನ್ನೂ ಮಾಸ್ಕ್ ಹಾಕಿ, ಅಂತರ ಬಿಟ್ಟು ಸಾಲು ನಿಲ್ಲುವ ಕಾಲ. ನಮಾಝ್ ಮುಗಿದು ಹೊರಬಂದಾಗ ವಿರೋಧ ಪಕ್ಷದ ಇಬ್ಬರೂ ಚಪ್ಪಲಿಗಳ ಬಳಿ ಕಾಯುತ್ತಿದ್ದರು. ಆಗುವುದಿಲ್ಲ ಎಂದೆವು. ಅವರ ಮುಖ ಕಪ್ಪಾಯಿತು. "ಮರಳು ಸಿಕ್ಕಿತೇ?" ಎಂದು ಒಬ್ಬರು ಕೇಳಿದರು. ಬೆಳಗ್ಗೆ ಒಂಬತ್ತು ಗಂಟೆಯ ಮಾತು ಒಂದೂವರೆಗೆ ಮಸೀದಿಯ ಅಂಗಳ ತಲುಪಿತ್ತು. ವಾಟ್ಸಾಪ್‌ಗಿಂತ ಜಗಲಿ ವೇಗ.

ಅಂಗಡಿಗೆ ಬಂದಾಗ ಕಿರಿಯವನ ಮಗಳು ಗಲ್ಲಾದಲ್ಲಿ ಕೂತಿದ್ದಳು. ದೊಡ್ಡಮ್ಮ ಪಂಚಾಯತ್ ಆಫೀಸಿಗೆ ಹೋಗಿದ್ದಾರೆ ಎಂದಳು.

ನಡೆದದ್ದು ಇಷ್ಟು. ತೋಡಿನ ಆಚೆ ಬೀಡಿ ಕಟ್ಟುವ ಒಬ್ಬರು ಹೆಂಗಸು ಇದ್ದಾರೆ. ಮುಸ್ಲಿಮರಲ್ಲ, ಮೀಸಲಿನ ಅದೇ ವರ್ಗಕ್ಕೆ ಸೇರಿದವರು. ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಲಾಕ್‌ಡೌನ್‌ನಲ್ಲಿ ಬೀಡಿ ಕೆಲಸದವರ ಪಟ್ಟಿ ಮಾಡಿ ಆಫೀಸಿನಿಂದ ಆಫೀಸಿಗೆ ಅಲೆದವರು. ಪಕ್ಷಗಳು ಅವರನ್ನು ಕೇಳಿರಲಿಲ್ಲ, ಅವರೂ ಪಕ್ಷಗಳನ್ನು ಕೇಳಿರಲಿಲ್ಲ. ಎರಡು ವಾರದ ಹಿಂದೆಯೇ ನಾಡಕಚೇರಿಯಿಂದ ಜಾತಿ ಪ್ರಮಾಣಪತ್ರ ತಂದಿಟ್ಟುಕೊಂಡಿದ್ದರು. ಅದು ಅತ್ತಿಗೆಗೆ ತಿಳಿದಿತ್ತು, ನಮಗೆ ತಿಳಿದಿರಲಿಲ್ಲ. ನಾಮಪತ್ರಕ್ಕೆ ವಾರ್ಡಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ಹಾಕುತ್ತೇನೆಂದಿದ್ದ ನೆರೆಮನೆಯವರು ಅಂದು ಬೆಳಗ್ಗೆ ಹಿಂದೆ ಸರಿದರು. ಅವರ ಮಗನಿಗೆ ಯಾರೋ ಫೋನ್ ಮಾಡಿದ್ದರಂತೆ. ಸೂಚಕರ ಜಾಗದಲ್ಲಿ ಅತ್ತಿಗೆ ಸಹಿ ಹಾಕಿದರು. ಎರಡೂವರೆ ಗಂಟೆಗೆ ನಾಮಪತ್ರ ಸಲ್ಲಿಕೆಯಾಯಿತು. ಮೀಸಲು ಅಭ್ಯರ್ಥಿಗೆ ನೂರು ರೂಪಾಯಿ ಠೇವಣಿ. ಅದನ್ನು ಅಭ್ಯರ್ಥಿಯೇ ಹತ್ತರ ನೋಟುಗಳಲ್ಲಿ ಕಟ್ಟಿದರಂತೆ.

ಹಿರಿಯವನಿಗೆ ಸಿಟ್ಟು ಬಂದದ್ದು ನಿಜ. ಒಂದು ಮಾತು ಹೇಳಬಾರದಿತ್ತೇ ಎಂದ. "ಪಕ್ಷದವರು ನನ್ನನ್ನು ಕೇಳದೆ ನನ್ನ ಹೆಸರು ಇಟ್ಟರಲ್ಲ, ಆಗ ಸಿಟ್ಟು ಬಂದಿತ್ತೇ?" ಎಂದರು ಅತ್ತಿಗೆ. ನಡುವಿನವನು ಹಣ ಹಾಕುವವನಾದ್ದರಿಂದ ಅವನ ಚಿಂತೆ ಬೇರೆ. ಇನ್ನು ಮರಳು ಬರುವುದಿಲ್ಲ, ಕಾಗದವೂ ಆಗುವುದಿಲ್ಲ, ಮೇ ಕೊನೆಯೊಳಗೆ ಮಾಡು ಹೊದೆಸದಿದ್ದರೆ ಮಳೆಗಾಲದಲ್ಲಿ ಅಕ್ಕಿಯ ಮೂಟೆ ಎಲ್ಲಿಡುವುದು ಎಂದ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಅತ್ತಿಗೆಯ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಸಹಿ ಹಿಂತೆಗೆಯುವುದಿಲ್ಲ ಎಂದರು, ಅಷ್ಟೇ. ನಮ್ಮಲ್ಲಿ ಕಿರಿಯವನು ಮಾತ್ರ, ಬೆಳಗ್ಗಿನವರು ನಮ್ಮ ಮೌನವನ್ನು ನಾಲ್ಕು ಲೋಡ್ ಮರಳಿಗೆ ಕೊಳ್ಳಲು ಬಂದಿದ್ದರು, ಹತ್ತು ಗಂಟೆಯವರು ನಮ್ಮ ಹೆಸರನ್ನು ಪುಕ್ಕಟೆ ಕೇಳಿದರು, ಅತ್ತಿಗೆ ಯಾರಿಗೂ ಏನೂ ಮಾರಲಿಲ್ಲ ಎಂದ. ವ್ಯಾಪಾರಸ್ಥರ ಮನೆಯಲ್ಲಿ ಇಂಥ ಮಾತಿಗೆ ತಕ್ಷಣ ಚಪ್ಪಾಳೆ ಬೀಳುವುದಿಲ್ಲ.

ಸಂಜೆ ಜಗಲಿಗೆ ಬರಬೇಕಾದ ಹದಿನೈದು ಜನರಲ್ಲಿ ಇಬ್ಬರೇ ಬಂದರು. ಒಬ್ಬರು ನಾಲ್ಕು ಹಸುಗಳ ಹಿರಿಯರು. ಇನ್ನೊಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಮೇಸ್ತ್ರಿ ಖಾಲಿ ಜಗಲಿಯನ್ನು ಸಲೀಸಾಗಿ ಅಳೆದು ಕಾಗದದ ಮೇಲೆ ಗೆರೆ ಎಳೆದ. ಐದಡಿಯನ್ನೂ ಒಳಗೆ ಸೇರಿಸಿದರೆ ಫ್ರಿಜ್ ಮತ್ತು ತರಕಾರಿಯ ಕಪಾಟು ಎರಡೂ ಹಿಡಿಯುತ್ತವೆ. ಗಿರಾಕಿ ರಸ್ತೆಯಲ್ಲಿ ನಿಂತು ಸಾಮಾನು ಕೊಂಡು ಹೋಗಬಹುದು, ಕೂರುವ ಪ್ರಶ್ನೆ ಇಲ್ಲ. ಅಂದಿನ ಮನಸ್ಥಿತಿಯಲ್ಲಿ ಅದು ನಮಗೆ ಹಿತವೆನಿಸಿತು. ಯಾರೂ ಕೂರದ ಅಂಗಡಿಯಲ್ಲಿ ಯಾರೂ ಮುನಿಸಿಕೊಂಡು ಎದ್ದುಹೋಗುವುದೂ ಇಲ್ಲ. ಪೇಟೆಯ ಸೂಪರ್ ಮಾರ್ಕೆಟ್‌ಗಳು ನಡೆಯುವುದು ಹಾಗೆಯೇ ತಾನೆ?

"ಬೀಡಿಯ ಹೆಂಗಸರು ಎಲೆಯ ಕಟ್ಟು ಎಲ್ಲಿ ಇಳಿಸುತ್ತಾರೆ?" ಎಂದು ಅತ್ತಿಗೆ ಕೇಳಿದರು. ಮೇಸ್ತ್ರಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನಮ್ಮ ಮುಖ ನೋಡಿದ. ತರಕಾರಿಯ ಕಪಾಟನ್ನು ಬಾವಿಯ ಕಡೆಯ ಗೋಡೆಗೆ ನಿಲ್ಲಿಸಿದರೆ, ಫ್ರಿಜ್ಜನ್ನು ಒಂದು ಅಳತೆ ಚಿಕ್ಕದು ತಂದರೆ, ಮೂರಡಿ ತೆಗೆದುಕೊಂಡು ಎರಡಡಿ ಬಿಡಬಹುದು ಎಂದ. ಎರಡಡಿಯಲ್ಲಿ ಕಾಲು ಚಾಚಲಾಗದು, ಕೂರಬಹುದು. ನಡುವಿನವನು ಸ್ವಲ್ಪ ಹೊತ್ತು ಸುಮ್ಮನಿದ್ದು ಫ್ರಿಜ್ಜಿನ ಬೆಲೆ ಕೇಳಿದ. ಅಂದರೆ ಒಪ್ಪಿದನೆಂದು ಅರ್ಥ.

ಮತದಾನ ಡಿಸೆಂಬರ್ 22ಕ್ಕೆ, ಎಣಿಕೆ 30ಕ್ಕೆ. ಅತ್ತಿಗೆ ಸಹಿ ಹಾಕಿದ ಅಭ್ಯರ್ಥಿ ಹತ್ತೊಂಬತ್ತು ಮತಗಳಿಂದ ಸೋತರು. ಗೆದ್ದದ್ದು ಆಡಳಿತ ಪಕ್ಷದ ಬೆಂಬಲದವರು. ವಿರೋಧ ಪಕ್ಷಕ್ಕೆ ಕೊನೆಗೂ ಸಿಕ್ಕಿದ ಅಭ್ಯರ್ಥಿ ಮೂರನೆಯವರಾದರು. ಮತ ಒಡೆದದ್ದು ನಮ್ಮಿಂದ ಎಂದು ಮಸೀದಿಯ ಅಂಗಳದಲ್ಲಿ ಕೆಲವು ವಾರ ಕೇಳಬೇಕಾಯಿತು. ನಾಲ್ಕು ಲೋಡ್ ಮರಳು ಬರಲಿಲ್ಲ, ನಾವು ನೆನಪಿಸಲೂ ಇಲ್ಲ. ದುಬಾರಿಯಾದರೂ ಜಲ್ಲಿ ಕ್ರಶರ್‌ನ ಎಂ-ಸ್ಯಾಂಡ್ ತರಿಸಿದೆವು. ಪರವಾನಗಿ ಮಾರ್ಚ್‌ನಲ್ಲಿ ಕೈಸೇರಿತು. ಏಪ್ರಿಲ್ ಕೊನೆಗೆ ಎರಡನೇ ಅಲೆಯ ಲಾಕ್‌ಡೌನ್ ಬಂದು ಕೆಲಸ ನಿಂತಾಗ ಮಾಡು ಅರ್ಧ ತೆರೆದಿತ್ತು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಹೊಡೆದಾಗ ಟಾರ್ಪಾಲಿನ ಒಂದು ತುದಿ ಹಿಡಿದು ರಾತ್ರಿಯಿಡೀ ನಿಂತವರು ನಾವು ಮೂವರು, ಮೇಸ್ತ್ರಿ, ಮತ್ತು ಏಪ್ರಿಲ್ 2020ರಲ್ಲಿ ಬರುವುದು ನಿಲ್ಲಿಸಿ ಮಳೆಗಾಲಕ್ಕೆ ಮರಳಿದ ಆರು ಮನೆಗಳಲ್ಲಿ ಒಂದರ ಹುಡುಗ. ಇದನ್ನು ಸೌಹಾರ್ದದ ಕಥೆಯಾಗಿ ಹೇಳಲು ನಮಗೆ ಮನಸ್ಸಿಲ್ಲ. ಉಳಿದ ಐದು ಮನೆಗಳವರು ಬರಲಿಲ್ಲ, ಅಂಥ ಗಾಳಿಯಲ್ಲಿ ಬರಬೇಕಾಗಿಯೂ ಇರಲಿಲ್ಲ. ಎರಡು ಮೂಟೆ ಕುಚ್ಚಲಕ್ಕಿ ಒದ್ದೆಯಾಯಿತು. ಕೋಳಿ ಸಾಕುವವರು ಅರ್ಧ ಬೆಲೆಗೆ ಒಯ್ದರು.

ಈಗ ಅಂಗಡಿಗೆ ಶಟರ್ ಇದೆ, ಗೋಡೆಯ ಮೇಲೆ ಭಿತ್ತಿಪತ್ರ ಇಲ್ಲ, ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಇದೆ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಕೆಲವು ದಿನ ಅದನ್ನು ಕಪಾಟಿನೊಳಗೆ ಇಟ್ಟಿದ್ದೆವು, ನಮಗೆ ನೋಟಿಸು ಬಂದಿರಲಿಲ್ಲವಾದರೂ. 2023ರಲ್ಲಿ ಗೃಹಲಕ್ಷ್ಮಿ ಹಣ ಆರಂಭವಾದ ಮೇಲೆ ಉದ್ರಿ ಪುಸ್ತಕದಲ್ಲಿ ಹೆಂಗಸರ ಹೆಸರು ಮೇಲೆ ಬಂದಿದೆ. ಹಣ ಅವರ ಖಾತೆಗೆ ಬರುವುದರಿಂದ ಬಾಕಿಯೂ ಅವರದೇ ಹೆಸರಿನಲ್ಲಿರಲಿ ಎಂದು ಅತ್ತಿಗೆಯ ಹಟ. ಜಗಲಿ ಎರಡಡಿ ಉಳಿದಿದೆ. ಹದಿನೈದು ಜನ ಕೂರುತ್ತಿದ್ದಲ್ಲಿ ಈಗ ಆರೇಳು ಜನ, ಮೊಣಕಾಲು ರಸ್ತೆಯ ಕಡೆಗೆ ಚಾಚಿಕೊಂಡು. ಎರಡೂ ಪಕ್ಷದವರು ಬರುತ್ತಾರೆ. ಜಾಗ ಇಕ್ಕಟ್ಟಾದ್ದರಿಂದ ಮೊದಲಿಗಿಂತ ಒತ್ತಿಕೊಂಡೇ ಕೂರಬೇಕು. ಸೋತ ಬೀಡಿಯ ಹೆಂಗಸು ಸಂಜೆ ಎಲೆಯ ಕಟ್ಟು ಇಳಿಸಿ, "ಸ್ವಲ್ಪ ಸರಿಯಿರಿ" ಎನ್ನುತ್ತಾರೆ. ಸರಿಯುತ್ತಾರೆ.